ಇರಲಿ

ಜನವರಿ 14

ಅಲ್ಪಪ್ರಾಣಿಗೆ,

ನಾನು ಕ್ಷೇಮವೋ ಅಲ್ಲವೋ ಎಂದು ಕಂಡುಹಿಡಿಯಲು ಒಂದಿಡೀ ಆಸ್ಪತ್ರೆಯೇ ಟೊಂಕ ಕಟ್ಟಿ ನಿಂತಿದೆ. ಆದ್ದರಿಂದ ಆ ಸಾಲನ್ನು ಅವರಿಗೇ ಬಿಟ್ಟು ಮುಂದಕ್ಕೆ ಹೋಗುತ್ತೇನೆ. ನಿನ್ನ ಹಿಂದಿನ ಕಾಗದವನ್ನು ಎಂದಿನಂತೆ ತಿದ್ದಿ ಇದರ ಜೊತೆಗೇ ಇಟ್ಟಿದ್ದೇನೆ. ಹೊಸ ಔಷಧಗಳಿಂದ ಜನರಿಗೆ ಏನೇನು ತೊಂದರೆಯಾಗುತ್ತದೆ ಎಂದು ನೋಡುವ ಕಚೇರಿಯಲ್ಲಿ ದೊಡ್ಡ ಕುರ್ಚಿ ಹಾಕಿಕೊಂಡು ಕೂತವಳು ನೀನು, ಇನ್ನೂ 'ಔಷದ' ಎಂದೇ ಬರೆಯುತ್ತೀಯ! ಎರಡನೇ ಕ್ಲಾಸಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ. ಆ ಅಕ್ಷರದ ಹೊಟ್ಟೆ ಸೀಳು. ಅದು ಮಹಾಪ್ರಾಣ. ಔಷಧದಲ್ಲಿ ಪ್ರಾಣವೇ ಇಲ್ಲದಿದ್ದರೆ ಕುಡಿದವರ ಗತಿ ಏನು? ನೀನು ಹಲ್ಲು ಕಿಸಿಯುತ್ತಿರುವುದು ಇಲ್ಲಿಗೇ ಕಾಣುತ್ತಿದೆ.

ಮೊನ್ನೆ ಮೊದಲ ಬಾಟಲಿ ಏರಿಸಿದರು. ಉದ್ದನೆಯ ಕೋಣೆ, ಸಾಲಾಗಿ ಒರಗು ಕುರ್ಚಿಗಳು, ಕುರ್ಚಿಗೊಂದು ಕಬ್ಬಿಣದ ಕಂಬ. ಕಿಟಕಿಯಾಚೆ ಇನ್ನೊಂದು ಕಟ್ಟಡದ ಗೋಡೆ, ಅದರ ಮೇಲೆ ನೀರಿನ ಪೈಪು. ನಿನ್ನ ಚಿಕ್ಕಿ ಪಕ್ಕದ ಸ್ಟೂಲಿನ ಮೇಲೆ ಕೂತು ಯಾರಿಗೂ ಬೇಡದ ಇನ್ನೊಂದು ಸ್ವೆಟರ್ ಹೆಣೆಯುತ್ತಿದ್ದಳು. ಎದುರು ಕುರ್ಚಿಯವರ ಕಾಯಿಲೆ, ಮದುವೆ, ಸೊಸೆಯ ಜಗಳ, ಎಲ್ಲವನ್ನೂ ಬಾಟಲಿ ಮುಗಿಯುವುದರೊಳಗೆ ಹೊರಗೆಳೆದಳು. ಅಚ್ಚುಕೂಟದ ಸದ್ದಿನಲ್ಲಿ ಹೋದ ಕಿವಿ ನನ್ನದು, ಅವಳ ತುಟಿ ನೋಡಿಕೊಂಡೇ ಹೊತ್ತು ಕಳೆದೆ. ತಂಗಿ ಅಂತ ಒಬ್ಬಳಿರುವುದು ಒಳ್ಳೆಯದು, ಆದರೆ ಇದನ್ನು ಅವಳಿಗೆ ಹೇಳಬೇಡ, ತಲೆಗೆ ಏರುತ್ತದೆ.

ಇಲ್ಲಿನ ಡಾಕ್ಟರು ನಿನ್ನ ವಯಸ್ಸಿನ ಹುಡುಗ. ಚಿತ್ರ ಬರೆದು ತೋರಿಸಿದ. ಮೈಯೊಳಗೆ ಕಾವಲು ಕಾಯುವ ಕಣಗಳಿವೆಯಂತೆ. ಹೊರಗಿನವರು ನುಗ್ಗಿದರೆ ಹೊಡೆದು ಹಾಕುತ್ತವೆ, ಮನೆಯವರನ್ನು ಬಿಡುತ್ತವೆ. ನನ್ನ ಶ್ವಾಸಕೋಶದಲ್ಲಿರುವ ಗಡ್ಡೆ ಕಳ್ಳ. 'ನಾನೂ ಮನೆಯವನೇ' ಎಂದು ಮೈಮೇಲೆ ಒಂದು ಗುರುತು ಹಾಕಿಕೊಂಡು ಕೂತಿದೆ. ಕಾವಲಿನವರು ಬರುತ್ತಾರೆ, ಗುರುತು ನೋಡುತ್ತಾರೆ, ಹೋಗುತ್ತಾರೆ. ಈ ಹೊಸ ಔಷಧ ಆ ಗುರುತನ್ನು ಮುಚ್ಚಿಬಿಡುತ್ತದೆ.

"ಅಯ್ಯೋ, ಅದು ನಮ್ಮ 'ಇರಲಿ' ಕಣಪ್ಪಾ!" ಎಂದೆ. ಹುಡುಗ ಕಣ್ಣು ಕಣ್ಣು ಬಿಟ್ಟ. ನಿನಗಾದರೆ ಗೊತ್ತು. ಕರಡು ತಿದ್ದುವಾಗ ಸರಿಯಿದ್ದ ಪದವನ್ನೇ ಅವಸರದಲ್ಲಿ ಹೊಡೆದು ಹಾಕಿಬಿಟ್ಟರೆ, ಆಮೇಲೆ ಅದರ ಕೆಳಗೆ ಚುಕ್ಕಿ ಸಾಲು ಇಟ್ಟು, ಅಂಚಿನಲ್ಲಿ 'ಇರಲಿ' ಎಂದು ಬರೆಯುತ್ತೇವೆ. ಅಚ್ಚಿನ ಮೊಳೆ ಜೋಡಿಸುವವನು ಅದನ್ನು ಕಂಡರೆ ಆ ಪದವನ್ನು ಮುಟ್ಟುವುದಿಲ್ಲ. ನಾನಂತೂ ಆ ಪದ ಬರೆದದ್ದು ಬಹಳ ಕಡಿಮೆ. ಅದನ್ನು ಬರೆಯುವುದೆಂದರೆ ತಿದ್ದುವವಳೇ ತಪ್ಪಿದಳು ಎಂದು ಒಪ್ಪಿಕೊಂಡ ಹಾಗೆ.

ಹುಡುಗನಿಗೆ ಇದೆಲ್ಲ ವಿವರಿಸಿದಾಗ ಅವನು ನಗಲಿಲ್ಲ. "ಸರಿಯಾಗಿ ಹೇಳಿದ್ರಿ. ಆದರೆ ಅದೇ ಗುರುತು ನಿಮ್ಮ ಒಳ್ಳೇ ಅಂಗಗಳಲ್ಲೂ ಇರುತ್ತೆ ಅಮ್ಮಾ. ಅದೂ ಮುಚ್ಚಿಹೋದರೆ ಕಾವಲಿನವರು ಮನೆಯವರ ಮೇಲೇ ಬೀಳಬಹುದು. ಚರ್ಮ, ಕರುಳು, ಎಲ್ಲಾದರೂ. ಅದಕ್ಕೇ ಇದು ಇನ್ನೂ ಪರೀಕ್ಷೆಯಲ್ಲಿರೋದು" ಎಂದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲು ನಾನು. ಯೋಚಿಸಿಯೇ ಸಹಿ ಹಾಕಿದೆ. ಬದುಕಬೇಕೆಂಬ ಆಸೆ ನನಗಿನ್ನೂ ಇದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ತಿದ್ದಿದ್ದೇನೆ, ನೋಡಿಕೋ.
ಅಮ್ಮ

*

ಫೆಬ್ರವರಿ 6

ಅಮ್ಮಾ,

ನಿನ್ನ ಕೆಂಪು ಪೆನ್ನಿನ ಗಾಯಗಳನ್ನೆಲ್ಲ ನೋಡಿಕೊಂಡೆ. ನನ್ನ ಮೇಲಧಿಕಾರಿಗೆ ನಿನ್ನ 'ಇರಲಿ'ಯ ಕಥೆ ಹೇಳಿದೆ. ಹೊಸಬರಿಗೆ ಪಾಠ ಮಾಡುವಾಗ ಇದನ್ನೇ ಹೇಳುತ್ತೇನೆ ಎಂದರು. ನಿನ್ನ ಆಸ್ಪತ್ರೆಯ ವರದಿಗಳು ಮಾತ್ರ ನನ್ನ ಮೇಜಿಗೆ ಬರದ ಹಾಗೆ ಮಾಡಿದ್ದಾರೆ. ಸ್ವಂತದವರ ವಿಷಯದಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲವಂತೆ. ಅದೇ ಔಷದ ತೆಗೆದುಕೊಳ್ಳುತ್ತಿರುವ ಬೇರೆ ಊರುಗಳವರ ವರದಿ ಮಾತ್ರ ನನಗೆ.

ಇಲ್ಲಿ ಯಾರಿಗೂ ಹೆಸರಿಲ್ಲ, ಎಲ್ಲರೂ ಒಂದೊಂದು ಅಂಕಿ. ಒಬ್ಬರಿಗೆ ತುರಿಕೆ, ಇನ್ನೊಬ್ಬರಿಗೆ ಭೇದಿ, ಮತ್ತೊಬ್ಬರ ಥೈರಾಯ್ಡ್ ಕೆಟ್ಟಿದೆ. ಅದು ಔಷದದಿಂದ ಆದದ್ದೋ ಬೇರೆ ಕಾರಣಕ್ಕೋ ಎಂದು ನಾವು ತೂಗಿ ಹೇಳಬೇಕು. ನಿನ್ನೆ ಬಂದದ್ದನ್ನು ಕೇಳು, ನಗುತ್ತೀಯ. ಒಬ್ಬ ಮುದುಕರು ಬಾಗಿಲ ಬಳಿಯ ತಮ್ಮ ಚಪ್ಪಲಿ ನೋಡಿ, "ಇದು ನನ್ನದಲ್ಲ, ನನ್ನದರ ಹಾಗೇ ಮಾಡಿಸಿ ಇಟ್ಟಿದ್ದಾರೆ" ಎಂದರಂತೆ. ಹಿಮ್ಮಡಿ ಸವೆದದ್ದೂ ಹಾಗೇ ಇದೆಯಂತೆ, ಕಿತ್ತುಹೋದ ದಾರವೂ ಹಾಗೇ ಇದೆಯಂತೆ, ಆದರೂ ಅಲ್ಲವಂತೆ. ಅಲ್ಲಿನ ವೈದ್ಯರು 'ಕಾಯಿಲೆಯ ಚಿಂತೆ, ಔಷದಕ್ಕೆ ಸಂಬಂಧವಿಲ್ಲ' ಎಂದು ಬರೆದಿದ್ದರು. ನಾನೂ ಸರಿಯೆಂದು ಸಹಿ ಹಾಕಿದೆ. ಪಕ್ಕದ ಮೇಜಿನವನು, "ಚಪ್ಪಲಿ ಕಳ್ಳರೂ ಈಗ ಹಳೇದರ ಬದಲು ಹಳೇದೇ ಇಟ್ಟು ಹೋಗ್ತಾರಾ?" ಎಂದು ನಗಿಸಿದ.

ಮೈಮೇಲೆ ಗುಳ್ಳೆಯೆದ್ದರೂ, ಹೊಟ್ಟೆ ಕೆಟ್ಟರೂ, ಸಣ್ಣದೆಂದು ಬಿಡದೆ ಡಾಕ್ಟರಿಗೆ ಹೇಳು. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ನನಗೋ ಚಿಕ್ಕಿ ಹೇಳುವ ಅರ್ಧ ಸುದ್ದಿ ಸಾಲುವುದಿಲ್ಲ. ನಮ್ಮ ಮನೆಯ ಮೆಟ್ಟಿಲ ದೀಪ ಸರಿಮಾಡಿಸಿದಿರಾ? ಕತ್ತಲಲ್ಲಿ ಎಡವಿ ಬಿದ್ದರೆ ಅದನ್ನೂ ವರದಿ ಮಾಡಬೇಕಾಗುತ್ತದೆ, ಹುಷಾರು.

ನಿನ್ನ ಅಲ್ಪಪ್ರಾಣಿ

*

ಮಾರ್ಚ್ 20

ಮಗಳೇ,

ಕೂತುಕೊಂಡು ಓದು. ಗಡ್ಡೆ ಅರ್ಧಕ್ಕೆ ಇಳಿದಿದೆ! ಹುಡುಗ ಡಾಕ್ಟರು ಎರಡು ಚಿತ್ರ ಪಕ್ಕಪಕ್ಕ ಹಿಡಿದು ತೋರಿಸಿದ. ಮೊದಲನೆಯದರಲ್ಲಿ ನಿಂಬೆಹಣ್ಣಿನಷ್ಟು ಇದ್ದದ್ದು ಈಗ ಗೋಲಿಯಷ್ಟು. ಚಿಕ್ಕಿ ಅಲ್ಲೇ ಅತ್ತುಬಿಟ್ಟಳು. ನಾನು ಅಳಲಿಲ್ಲ. ಮನೆಗೆ ಬಂದು ಮುಖ ತೊಳೆಯುವಾಗ ಅತ್ತೆ, ಅದು ಲೆಕ್ಕಕ್ಕಿಲ್ಲ.

ತೋಳಿನ ಮೇಲೆ ಕೆಂಪು ಗುಳ್ಳೆ ಎದ್ದಿದ್ದವು, ಮುಲಾಮು ಕೊಟ್ಟರು, ಇಳಿದವು. ನಿದ್ದೆ ಸ್ವಲ್ಪ ಕಡಿಮೆ. ಓದುವಾಗ ಅಕ್ಷರಗಳು ಬಹಳ ಚೂಪಾಗಿ ಕಾಣುತ್ತವೆ, ಈಗತಾನೇ ಅಚ್ಚಾದ ಹಾಗೆ. ಹೇಳಬೇಕಾದ್ದೇನೂ ಅಲ್ಲ ಇದು. ಇನ್ನೊಂದು, ಅದೂ ಹೇಳಬೇಕಾದ್ದಲ್ಲ. ಚಿಕ್ಕಿ ಮೆಟ್ಟಿಲು ಹತ್ತಿ ಬರುವಾಗ ನೆಲ ಅದುರುವುದು ನನ್ನ ಅಂಗಾಲಿಗೆ ತಿಳಿಯುತ್ತದೆ, ಕಿವಿ ಹೋದ ಮೇಲೆ ಹಾಗೇ ನಾನು ಅವಳನ್ನು ತಿಳಿಯುವುದು. ಈಚೆಗೆ ಆ ಅದುರು ಬೇರೆ ಇದೆ. ತೂಕ ಇಳಿದಿರಬೇಕು ಅವಳದು. ಕೇಳಿದರೆ, "ನಾನಾ? ಇಳಿಯೋದಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಿನ್ನ ಕಾಗದ ತಿದ್ದಿ ಇಟ್ಟಿದ್ದೇನೆ. ಈ ಸಲ ತಪ್ಪು ಸ್ವಲ್ಪ ಜಾಸ್ತಿ ಇತ್ತು.

ಅಮ್ಮ

*

ಏಪ್ರಿಲ್ 2

ಅಮ್ಮಾ,

ಗೋಲಿಯಷ್ಟು! ನಾನು ಕಚೇರಿಯಲ್ಲೇ ಕೂಗಿಬಿಟ್ಟೆ. ಎಲ್ಲರೂ ಏನಾಯಿತೆಂದು ಓಡಿ ಬಂದರು. ಈ ಔಷದ ಬದುಕಲಿ, ಇದನ್ನು ಕಂಡುಹಿಡಿದವರು ಬದುಕಲಿ, ಚಿತ್ರ ತೋರಿಸಿದ ಹುಡುಗನೂ ಬದುಕಲಿ.

ಆದರೆ ಒಂದು ಮಾತು ಕೇಳಲೇ? ನೀನು ತಿದ್ದಿ ಕಳಿಸಿದ ಹಾಳೆ ಎದುರಿಗಿದೆ. ಈ ಸಲ ನೀನು 'ಔಷದ'ವನ್ನು ಮುಟ್ಟಿಯೇ ಇಲ್ಲ. ಅದರ ಬದಲು 'ನಮ್ಮ ಮನೆ' ಎಂದು ನಾನು ಬರೆದದ್ದರಲ್ಲಿ 'ನಮ್ಮ' ಹೊಡೆದು ಹಾಕಿದ್ದೀಯ. 'ಚಿಕ್ಕಿ' ಎಂಬಲ್ಲಿ ಅಡಿಗೆರೆ ಎಳೆದು ಪ್ರಶ್ನೆಚಿಹ್ನೆ ಹಾಕಿದ್ದೀಯ. ಕಾಗುಣಿತ ಸರಿಯಾಗೇ ಇದೆಯಲ್ಲ? ಬಹಳ ಹೊತ್ತು ನೋಡಿದೆ, ತಪ್ಪು ಸಿಗಲಿಲ್ಲ. ಕೊನೆಗೂ ಮಹಾಪ್ರಾಣಿ ಜಾರಿದಳೋ? ಒಂದು 'ಇರಲಿ' ಬರೆಯುವ ಸರದಿ ನಿನ್ನದು.

ನಗುತ್ತಿದ್ದೇನೆ, ಆದರೆ ಆ ಹಾಳೆಯನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೇನೆ. ಬೇಗ ಬರೆ.

ನಿನ್ನ ಅಲ್ಪಪ್ರಾಣಿ

*

ಏಪ್ರಿಲ್ 17

ಮಗಳೇ,

ಇದನ್ನು ಒಬ್ಬಳೇ ಓದು. ಓದಿದ ಮೇಲೆ ಯಾರ ಕೈಗೂ ಸಿಗದ ಹಾಗೆ ಇಡು.

ನಾನು ಜಾರಿಲ್ಲ. ಪದ ಸರಿಯಿತ್ತು, ಸಂಗತಿ ತಪ್ಪಿತ್ತು. ನಿನ್ನ ಚಿಕ್ಕಿ ಮನೆಯಲ್ಲಿಲ್ಲ. ಇಲ್ಲಿ ಇರುವವಳು ಅವಳ ಎರಡನೇ ಮುದ್ರಣ.

ನನಗೆ ತಲೆ ಕೆಟ್ಟಿಲ್ಲ ಎನ್ನುವುದು ನನ್ನ ಕೈಬರಹದಲ್ಲೇ ನಿನಗೆ ತಿಳಿಯುತ್ತದೆ, ಒಂದು ಒತ್ತಕ್ಷರವೂ ತಪ್ಪಿಲ್ಲ ನೋಡು. ಮುದ್ರಣ ಚೆನ್ನಾಗಿದೆ, ಅದನ್ನು ಒಪ್ಪಬೇಕು. ಮೊಣಕೈಯ ಸುಟ್ಟ ಕಲೆ ಇರಬೇಕಾದ ಕಡೆಯೇ ಇದೆ. ನಮ್ಮ ಅಪ್ಪ ಅವಳನ್ನು ಕರೆಯುತ್ತಿದ್ದ ಅಡ್ಡಹೆಸರು ಕೇಳಿದೆ, ತಡೆಯದೆ ಹೇಳಿದಳು. ನಿಜವಾದ ತಂಗಿಯಾಗಿದ್ದರೆ ಸ್ವಲ್ಪ ಯೋಚಿಸುತ್ತಿದ್ದಳು, ಮೊದಲು ಬೈಯುತ್ತಿದ್ದಳು. ಇವಳು ನಾನು ಏನೆಂದರೂ ಬೈಯುವುದಿಲ್ಲ. ಹೊದಿಕೆ ಸರಿಮಾಡುತ್ತಾಳೆ, ತಲೆ ನೇವರಿಸುತ್ತಾಳೆ. ಅತಿ ವಿನಯ ಧೂರ್ತ ಲಕ್ಷಣ ಎಂದು ಸುಮ್ಮನೆ ಹೇಳಿಲ್ಲ.

ಮನೆಯನ್ನೂ ಹೊಸದಾಗಿ ಅಚ್ಚು ಹಾಕಿದ್ದಾರೆ. ಗೋಡೆಯ ಮೇಲೆ ನೀರು ಇಳಿದ ಕಲೆ, ಅಡುಗೆಮನೆಯ ಒಡೆದ ಹಂಚು, ನಿನ್ನ ಎತ್ತರ ಗುರುತು ಹಾಕಿದ್ದ ಬಾಗಿಲ ಚೌಕಟ್ಟು, ಎಲ್ಲವೂ ಅದದೇ ಜಾಗದಲ್ಲಿ. ಒಂದನ್ನೂ ಬಿಟ್ಟಿಲ್ಲ. ಒಂದೂ ತಪ್ಪಿಲ್ಲದ ಪುಟವನ್ನು ನಾನು ಜನ್ಮದಲ್ಲಿ ನೋಡಿಲ್ಲ. ಅದಕ್ಕೇ ಭಯವಾಗುತ್ತದೆ.

ಅವಳ ಎದುರು ಏನೂ ತೋರಿಸಿಕೊಂಡಿಲ್ಲ. ಅವಳು ಕೊಟ್ಟ ಚಹಾ ಸಿಂಕಿಗೆ ಸುರಿಯುತ್ತೇನೆ. ಮಧ್ಯಾಹ್ನ ಅವಳು ಮಲಗಿದಾಗ ಪಕ್ಕದಲ್ಲಿ ಕೂತು ಮುಖ ನೋಡುತ್ತೇನೆ. ಉಸಿರಾಡುವುದೂ ಹಾಗೇ ಕಲಿತಿದ್ದಾಳೆ. ಮೊದಲ ಮುದ್ರಣ ಎಲ್ಲಿ, ಅವಳನ್ನು ಏನು ಮಾಡಿದಿರಿ ಎಂದು ಒಂದು ದಿನ ಕೇಳಿಯೇಬಿಡುತ್ತೇನೆ.

ನೀನು ನನ್ನವಳು ಎಂದು ಇನ್ನೂ ನಂಬಿದ್ದೇನೆ. ನಿನ್ನ ತಪ್ಪುಗಳು ಹಾಗೇ ಇವೆ.

ಅಮ್ಮ

*

ಏಪ್ರಿಲ್ 24

ಪ್ರೀತಿಯ ಅಮ್ಮ,

ನಿನ್ನ ಪತ್ರ ತಲುಪಿತು. ದಯವಿಟ್ಟು ಭಯಪಡಬೇಡ. ನಿನಗೆ ಆಗುತ್ತಿರುವುದು ನಿನ್ನ ತಪ್ಪಲ್ಲ, ಚಿಕ್ಕಿಯ ತಪ್ಪೂ ಅಲ್ಲ. ಔಷಧವು ಕಾವಲಿನ ಕಣಗಳ ಕಡಿವಾಣವನ್ನು ಬಿಚ್ಚಿಬಿಟ್ಟಿದೆ. ಅವು ಈಗ ನಿನ್ನ ಮೆದುಳಿನ ಮೇಲೆ ಬಿದ್ದಿರಬಹುದು. ಇದು ಬಹಳ ಅಪರೂಪ, ಆದರೆ ಬೇಗ ಹಿಡಿದರೆ ವಾಸಿಯಾಗುತ್ತದೆ. ನಿನ್ನ ಡಾಕ್ಟರಿಗೆ ಫೋನು ಮಾಡಿ ಹೇಳಿದೆ. ಅವರು ಮೊದಲು ಇದು ಚಿಂತೆಯಿಂದ ಇರಬಹುದು ಎಂದರು. ನಾನು ಬಿಡಲಿಲ್ಲ. ಔಷಧವನ್ನು ನಿಲ್ಲಿಸಿ, ಕಾವಲನ್ನು ಶಾಂತ ಮಾಡುವ ಚುಚ್ಚುಮದ್ದನ್ನು ತಕ್ಷಣ ಕೊಡಲು ಈಗ ಒಪ್ಪಿದ್ದಾರೆ. ಗಡ್ಡೆಯ ಚಿಂತೆಯನ್ನು ಆಮೇಲೆ ಮಾಡೋಣ. ನೀನು ಚಿಕ್ಕಿಯ ಜೊತೆ ಇಂದೇ ಆಸ್ಪತ್ರೆಗೆ ಹೋಗು. ನಾನು ರಜೆ ಕೇಳಿದ್ದೇನೆ, ಸಿಕ್ಕಿದ ತಕ್ಷಣ ಹೊರಡುತ್ತೇನೆ.

ತಪ್ಪು ಹುಡುಕಿ ನಿನ್ನ ಕಣ್ಣಿಗೆ ತೊಂದರೆಯಾಗಬಾರದೆಂದು ಈ ಪತ್ರವನ್ನು ನಮ್ಮ ಕಚೇರಿಯ ಸಂಪಾದಕರಿಂದ ತಿದ್ದಿಸಿ, ಮತ್ತೆ ನನ್ನ ಕೈಯಲ್ಲೇ ಬರೆದಿದ್ದೇನೆ.

ನಿನ್ನ ಮಗಳು

*

ಏಪ್ರಿಲ್ 27

ಮಗಾ,

ನಿಮ್ಮಮ್ಮನ ಹಾಗೆ ಬರೆಯೋಕೆ ನನಗೆ ಬರಲ್ಲ, ಮಾತಾಡೋ ಹಾಗೇ ಬರೀತೀನಿ. ನಿನ್ನ ಫೋನು ಸಿಗ್ತಾ ಇಲ್ಲ, ದಾರಿಯಲ್ಲಿದ್ದೀಯೋ, ಇನ್ನೂ ಹೊರಟೇ ಇಲ್ವೋ. ನಿನ್ನ ಊರಿನ ಕಡೆ ಹೋಗೋರ ಕೈಲಿ ಇದನ್ನ ಕಳಿಸ್ತಿದೀನಿ, ಯಾವುದಾದರೂ ಒಂದು ಮುಟ್ಟಲಿ.

ನಿನ್ನ ಕಾಗದ ಬಂದದ್ದೇ ಕೆಟ್ಟುಹೋಯ್ತು ಕಣೆ. ಅಕ್ಕ ಅದನ್ನ ಮೂರು ಸಲ ಓದಿದ್ಲು. ಕೆಂಪು ಪೆನ್ನು ಹಿಡಿದ್ಲು, ಹುಡುಕಿದ್ಲು ಹುಡುಕಿದ್ಲು, ಒಂದು ತಪ್ಪೂ ಸಿಗಲಿಲ್ಲ. ಆಮೇಲೆ ಮುಖ ಬೆಳ್ಳಗಾಗಿ ಹೋಯ್ತು. "ಮಗಳನ್ನೂ ಅಚ್ಚು ಹಾಕಿಬಿಟ್ಟರು" ಅಂದ್ಲು. ಅಷ್ಟೇ. ತನ್ನ ಕೋಣೆಗೆ ಹೋಗಿ ಚಿಲಕ ಹಾಕ್ಕೊಂಡ್ಲು. ಕಾಗದ ಕತ್ತರಿಸೋ ಚಾಕು ಒಳಗಿದೆ. ಬಾಗಿಲು ಒಡೆಸೋಣ ಅಂದ್ರೆ, ಒಡೆದ್ರೆ ಕೈ ಕುಯ್ಕೋತೀನಿ ಅಂತ ಚೀಟಿ ಬರೆದು ಹೊರಗೆ ತಳ್ಳಿದ್ಲು. ಡಾಕ್ಟರು ಹುಡುಗ ಬಂದು ನಿಂತು ಹೋದ. ಬಲವಂತ ಮಾಡಬೇಡಿ, ಆದರೆ ತಡವೂ ಮಾಡಬೇಡಿ, ತಡವಾದಷ್ಟೂ ಮೆದುಳಿಗೆ ಕಷ್ಟ ಅಂತಾನೆ. ಏನು ಮಾಡಲಿ ನಾನು, ಅತ್ತ ದರಿ ಇತ್ತ ಪುಲಿ.

ಬಾಗಿಲ ಹೊರಗೆ ನೀರು, ಬ್ರೆಡ್ಡು ಇಡ್ತೀನಿ. ನಾನು ಅಡುಗೆಮನೆಗೆ ಹೋದ ಮೇಲೆ ತಗೋತಾಳೆ. ನಿನ್ನೆ ಬಾಗಿಲ ಸಂದಿಯಿಂದ ಇನ್ನೊಂದು ಚೀಟಿ ಬಂತು. "ನೀನು ಯಾರೋ ಗೊತ್ತಿಲ್ಲ. ನನ್ನ ತಂಗಿಗೆ ಚಳಿ ತಡೆಯಲ್ಲ. ಅವಳನ್ನ ಎಲ್ಲಿಟ್ಟಿದ್ದರೂ ಒಂದು ಸ್ವೆಟರ್ ಕೊಡು" ಅಂತ. ನಾನು ಬಾಗಿಲಿಗೆ ಒರಗಿ ಕೂತು ಅತ್ತೆ ಮಗಾ. ಅವಳು ನನಗೋಸ್ಕರವೇ ನನ್ನ ಹತ್ರ ಬೇಡ್ಕೋತಿದ್ದಾಳೆ. ಸ್ವೆಟರ್ ಹಾಕ್ಕೊಂಡು ಬಾಗಿಲ ಮುಂದೆ ನಿಂತೆ. ನೋಡೋಕೆ ತೆಗೀಲಿಲ್ಲ.

ಬೇಗ ಬಾ. 
ಚಿಕ್ಕಿ

*

ಏಪ್ರಿಲ್ 29

(ಬಾಗಿಲ ಕೆಳಗೆ ತೂರಿಸಿದ ಚೀಟಿಗಳು. ಮಗಳದು ನೀಲಿ ಶಾಯಿ, ಉತ್ತರ ಕೆಂಪು ಶಾಯಿ.)

ಅಮ್ಮಾ, ನಾನು ಬಂದಿದ್ದೇನೆ. ಬಾಗಿಲು ತೆಗೆ.
ನಿನ್ನ ಮಗಳು

*ತಪ್ಪಿಲ್ಲ. ಆದ್ದರಿಂದ ನೀನಲ್ಲ.*

ಅಮ್ಮಾ, ನಾನು ನಿನ್ನ ಮಘಳು. ಭಾಗಿಲು ತೆಗೆ. ಚಿಕ್ಕಿಯು ಹಳುತ್ತಿದ್ದಾಳೆ.
ನಿನ್ನ ಅಲ್ಪಪ್ರಾಣಿ

*ಇವು ನನ್ನ ಮಗಳ ತಪ್ಪುಗಳಲ್ಲ. ಅವಳು ಮಹಾಪ್ರಾಣ ಬಿಡುತ್ತಾಳೆ, ಬೇಡದ ಕಡೆ ಹಾಕುವುದಿಲ್ಲ. ಹುಡುಕಿ ಮಾಡಿದ ತಪ್ಪು ತಕ್ಷಣ ಗೊತ್ತಾಗುತ್ತದೆ. ಅವಳ ಹೆಸರಿನಲ್ಲಿ ನನಗೆ ಬರೆಯಬೇಡ. ಅವಳು ಎಲ್ಲಿದ್ದಾಳೆ?*

ಅಮ್ಮಾ, ನನಗೆ ಇನ್ನೇನು ಬರೆಯಬೇಕೋ ತಿಳಿಯುತ್ತಿಲ್ಲ. ನಾನು ನಾನೇ ಎಂದು ಹೇಗೆ ತೋರಿಸಲಿ? ಬೆಳಗಿನಿಂದ ಇಲ್ಲೇ ನಿಂತಿದ್ದೇವೆ. ನೀನು ಬಾಗಿಲು ತೆಗೆಯದಿದ್ದರೆ ನೀನು ಹೋಗಿಬಿಡುತ್ತೀಯ, ನಿನ್ನೊಳಗಿಂದಲೇ ಹೋಗಿಬಿಡುತ್ತೀಯ, ಆಮೇಲೆ ನನಗೆ ಅಮ್ಮ ಇರುವುದಿಲ್ಲ. ನಂಬಬೇಡ. ನನ್ನನ್ನು ಮಗಳು ಎಂದು ಒಪ್ಪಲೇಬೇಡ. ಬರೀ ಬಾಗಿಲು ತೆಗೆ. ಆ ಔಷದ ನಿನ್ನನ್ನು ತಿನ್ನುತ್ತಿದೆ ಅಮ್ಮಾ, ಆ ಔಷದವನ್ನು ನಿಲ್ಲಿಸೋಣ ಬಾ

*ಇರಲಿ.*

*

ಜುಲೈ 9

ಅಮ್ಮಾ,

ಮತ್ತೆ ಮೇಜಿಗೆ ಬಂದಿದ್ದೇನೆ. ನಿನ್ನನ್ನು ಬಿಟ್ಟು ಬರುವಾಗ ನೀನು ಕಿಟಕಿಯಲ್ಲಿ ನಿಂತು ಕೈ ಬೀಸಲಿಲ್ಲ, ಬರೀ ನೋಡಿದೆ. ದಾರಿಯುದ್ದಕ್ಕೂ ಅದೇ ಕಣ್ಣಿಗೆ ಕಟ್ಟಿತ್ತು.

ಬಾಗಿಲು ತೆಗೆದ ಆ ಹೊತ್ತನ್ನು ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. ನನ್ನ ತಪ್ಪೇ ನನ್ನ ಗುರುತಾಯಿತು, ಅದನ್ನು ನೋಡಿ ಅಮ್ಮ ನನ್ನನ್ನು ಗುರುತು ಹಿಡಿದಳು ಎಂದರೆ ಕೇಳಿದವರ ಕಣ್ಣಲ್ಲಿ ನೀರು. ಔಷದ ನಿಲ್ಲಿಸಿ, ಕಾವಲನ್ನು ಶಾಂತ ಮಾಡುವ ಚುಚ್ಚುಮದ್ದು ಕೊಟ್ಟ ಮೇಲೂ ಗಡ್ಡೆ ಬೆಳೆದಿಲ್ಲವಂತೆ. ಡಾಕ್ಟರು ಬರೆದಿದ್ದಾರೆ. ಇದ್ದಲ್ಲೇ ಎಷ್ಟು ದಿನ ಇರುತ್ತದೆ ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಸುಳ್ಳು ಹೇಳುವುದಿಲ್ಲ.

ಬಂದ ಮೊದಲ ದಿನವೇ ಆ ಚಪ್ಪಲಿಯ ಮುದುಕರ ವರದಿ ಮತ್ತೆ ತೆಗೆಸಿದೆ. ಅಲ್ಲಿನ ವೈದ್ಯರಿಗೆ ಬರೆದು ಕೇಳಿದೆ. ಉತ್ತರ ಬಂತು. ಅವರು ಮಾರ್ಚಿನಲ್ಲಿ ಒಂದು ದಿನ, "ಇದು ನನ್ನ ಮನೆಯ ಹಾಗಿದೆ, ಆದರೆ ನನ್ನ ಮನೆಯಲ್ಲ" ಎಂದು ಹೆಂಡತಿಗೆ ಕೈ ಮುಗಿದು, ಇಷ್ಟು ದಿನ ಇಟ್ಟುಕೊಂಡದ್ದಕ್ಕೆ ಉಪಕಾರವಾಯಿತು ಎಂದು ಹೇಳಿ, ತಮ್ಮ ಮನೆ ಹುಡುಕಿಕೊಂಡು ಹೋದರಂತೆ. ಬರಿಗಾಲಲ್ಲಿ. ಚಪ್ಪಲಿ ಬಾಗಿಲಲ್ಲೇ ಇದೆ, ಅವರು ಇನ್ನೂ ಸಿಕ್ಕಿಲ್ಲ. ನಾನು ನಕ್ಕು ಸಹಿ ಹಾಕಿದ್ದೆ ಅಮ್ಮಾ. ಪಕ್ಕದ ಮೇಜಿನವನು ಅವತ್ತಿನಿಂದ ನನ್ನ ಮುಖ ನೋಡಿ ಮಾತಾಡುತ್ತಿಲ್ಲ.

ಈಗ ಈ ಔಷದ ಕೊಡುವ ಎಲ್ಲ ಆಸ್ಪತ್ರೆಗಳೂ ಪ್ರತಿ ಬಾಟಲಿಗೆ ಮುಂಚೆ ರೋಗಿಯನ್ನೂ ಮನೆಯವರನ್ನೂ ಬೇರೆ ಬೇರೆಯಾಗಿ ಕೂರಿಸಿ ಒಂದು ಪ್ರಶ್ನೆ ಕೇಳಬೇಕು ಎಂದು ಗೊತ್ತುಮಾಡಿದ್ದೇವೆ. ಪ್ರಶ್ನೆ ಬರೆಯುವ ಕೆಲಸ ನನ್ನದು. 'ರೋಗಿಯ ಗುರುತಿಸುವ ಸಾಮರ್ಥ್ಯದಲ್ಲಿ ವ್ಯತ್ಯಾಸ ಕಂಡುಬಂದಿದೆಯೇ?' ಎಂದು ಬರೆದಿದ್ದೇನೆ. ತಿದ್ದಿ ಕಳಿಸುತ್ತೀಯಾ? ನಿನ್ನ ಕೈಗೆ ಕೆಂಪು ಪೆನ್ನು ಕೊಡಲು ಚಿಕ್ಕಿಗೆ ಇನ್ನೂ ಹೆದರಿಕೆ. ನನಗಿಲ್ಲ.

ನಿನ್ನ ಅಲ್ಪಪ್ರಾಣಿ

*

ಆಗಸ್ಟ್ 11

ಅಲ್ಪಪ್ರಾಣಿಗೆ,

ಪೆನ್ನು ಸಿಕ್ಕಿತು. ನಿನ್ನ ಪ್ರಶ್ನೆಯನ್ನು ಪೂರ್ತಿ ಹೊಡೆದು ಹಾಕಿದ್ದೇನೆ. ನನ್ನನ್ನು ಏಪ್ರಿಲ್‌ನಲ್ಲಿ ಅದನ್ನು ಕೇಳಿದ್ದರೆ, ಇಲ್ಲ, ನನಗೆ ಗುರುತಿಸುವುದು ಚೆನ್ನಾಗಿ ಬರುತ್ತದೆ, ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದೆ. ಹೀಗೆ ಕೇಳಿ: 'ನಿಮ್ಮ ಮನೆಯವರು ನಿಮಗೆ ಮನೆಯವರ ಹಾಗೇ ಅನಿಸುತ್ತಾರಾ?' ಅಷ್ಟು ಸಾಕು. ಹೌದು ಎಂದರೆ ಹೌದು. ತಡೆದರೆ ಬಾಟಲಿ ಏರಿಸಬೇಡಿ.

ಆ ಚಪ್ಪಲಿಯವರು ನನಗೆ ದಿನಾ ನೆನಪಾಗುತ್ತಾರೆ. ಅವರು ಎಲ್ಲಿ ಹೋಗಿರಬಹುದು ಎಂದು ನಿಮಗೆ ಯಾರಿಗೂ ತಿಳಿಯುವುದಿಲ್ಲ, ನನಗೆ ಸ್ವಲ್ಪ ತಿಳಿಯುತ್ತದೆ. ಆ ಮನೆ ಇದೆ. ಬಹಳ ಹತ್ತಿರದಲ್ಲೇ ಇದೆ, ಮುಂದಿನ ತಿರುವಿನಲ್ಲೇ ಇದೆ ಎನಿಸುತ್ತಿರುತ್ತದೆ.

ನೀನು ವಾಪಸು ಕಳಿಸಿದ ಹಳೆಯ ಹಾಳೆಗಳನ್ನೆಲ್ಲ ಮುಂದಿಟ್ಟುಕೊಂಡು ಕೂತೆ. 'ನಮ್ಮ', 'ಚಿಕ್ಕಿ', ನಾನು ಹೊಡೆದು ಹಾಕಿದ, ಪ್ರಶ್ನೆಚಿಹ್ನೆ ಹಾಕಿದ ಪದಗಳ ಕೆಳಗೆಲ್ಲ ಚುಕ್ಕಿ ಇಟ್ಟು ಅಂಚಿನಲ್ಲಿ 'ಇರಲಿ' ಬರೆದಿದ್ದೇನೆ. ಕೆಲಸದಲ್ಲಿದ್ದಷ್ಟು ಕಾಲವೂ ಅಷ್ಟು ಸಲ ಬರೆದಿರಲಿಲ್ಲ. ಚಿಕ್ಕಿ ಪಕ್ಕದಲ್ಲಿ ಕೂತು, "ನನ್ನ ಹೆಸರಿನ ಕೆಳಗೆ ಎರಡು ಸಾಲು ಚುಕ್ಕಿ ಇಡು, ಚಹಾ ಸಿಂಕಿಗೆ ಸುರಿದದ್ದಕ್ಕೆ" ಎಂದಳು. ಇಟ್ಟೆ.

ಅವಳಿಗೆ ಹೇಳದ ಒಂದು ಮಾತಿದೆ. ಆ ಎರಡನೇ ಮುದ್ರಣದವಳು ಈಗ ಇಲ್ಲ. ಎಲ್ಲಿ ಹೋದಳೋ. ನಾನು ಎಷ್ಟು ಕೆಟ್ಟದಾಗಿ ನಡೆಸಿಕೊಂಡರೂ ಬಾಗಿಲಿಗೆ ಬ್ರೆಡ್ಡು ತಂದಿಟ್ಟವಳು ಅವಳು. ನನ್ನ ತಂಗಿ ಮರಳಿ ಬಂದಳು, ಈಗ ಮೊದಲಿನ ಹಾಗೇ ಬೈಯುತ್ತಾಳೆ, ಸಂತೋಷವೇ. ಆದರೆ ಆ ಇನ್ನೊಬ್ಬಳಿಗೆ ನಾನು ಒಂದು ಒಳ್ಳೆಯ ಮಾತೂ ಆಡಲಿಲ್ಲ. ಮಧ್ಯಾಹ್ನ ಒಮ್ಮೊಮ್ಮೆ ನೆನೆದು ಅಳುತ್ತೇನೆ. ಇಬ್ಬರೂ ಒಬ್ಬಳೇ ಎಂದು ನೀನು ಹೇಳುತ್ತೀಯ, ನನಗೂ ಗೊತ್ತು. ಗೊತ್ತಿದ್ದೂ ಅಳು ಬರುತ್ತದೆ.

ಬಾಗಿಲಿನ ಸಂಗತಿಯಲ್ಲಿ ನೀನು ಹೇಳಿಕೊಂಡು ತಿರುಗುತ್ತಿರುವುದನ್ನೂ ತಿದ್ದಬೇಕು. ತಪ್ಪು ಅಚ್ಚಾಗುವುದನ್ನು ನಾನು ನೋಡಿಕೊಂಡು ಸುಮ್ಮನಿರಲಾರೆ. ಮಗಳೇ, ನಾನು ನಿನ್ನ ಗುರುತು ಹಿಡಿಯಲಿಲ್ಲ. ಆ ಚೀಟಿಯಲ್ಲಿ 'ಔಷದ' ನೋಡಿದಾಗ ನನಗೆ ಅನಿಸಿದ್ದು ಒಂದೇ. ಅಬ್ಬಾ, ಅವಳ ತಪ್ಪನ್ನೂ ಕಲಿತುಬಿಟ್ಟಿದ್ದಾರೆ, ಇನ್ನು ನನಗೆ ಉಳಿಗಾಲವಿಲ್ಲ ಎಂದು. ಚಾಕು ತೊಡೆಯ ಮೇಲೇ ಇತ್ತು. ಆಗ ಬಾಗಿಲ ಸಂದಿಯಲ್ಲಿ ಕಂಡಿತು, ಎರಡು ಜೊತೆ ಪಾದಗಳ ನೆರಳು. ಬೆಳಗಿನಿಂದ ಅವು ಅಲ್ಲಿಂದ ಕದಲಿರಲಿಲ್ಲ. ಒಂದು ಜೊತೆ ಇನ್ನೊಂದಕ್ಕೆ ಆತುಕೊಂಡು ನಿಂತಿತ್ತು. ಯಾರ ಮಗಳೋ, ಯಾರ ತಂಗಿಯೋ. ನನ್ನವರಲ್ಲ ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೂ ಕಾಲು ನೋಯುತ್ತಿರಬೇಕಲ್ಲ ಪಾಪ, ಎನಿಸಿತು.

ಆ 'ಇರಲಿ' ನಿನ್ನ ಪದಕ್ಕೆ ಬರೆದದ್ದಲ್ಲ. ಹೊರಗೆ ನಿಂತಿದ್ದ ಆ ಇಬ್ಬರು ಅಪರಿಚಿತರಿಗೆ ಬರೆದದ್ದು.

ಈಗ ನೀನು ನನ್ನ ಮಗಳೇ ಎಂದು ಗೊತ್ತಿದೆ. ಹೆಚ್ಚಿನ ದಿನ ಗೊತ್ತಿರುತ್ತದೆ. ಗೊತ್ತಿಲ್ಲದ ದಿನ ಬಂದರೂ ಬಾಗಿಲು ತೆಗೆಯುತ್ತೇನೆ, ಅದನ್ನು ಮಾತ್ರ ಕಲಿತಿದ್ದೇನೆ. ಬಂದು ಹೋಗು. ಔಷಧದ ಹೊಟ್ಟೆ ಸೀಳುವುದನ್ನು ಕಲಿಯಬೇಡ.

ನಿನ್ನ ಅಮ್ಮ,
ಯಾವ ಮುದ್ರಣವೋ. ಇರಲಿ.